ಮಂಜಿನೂರಿನಲ್ಲಿ ಹೊಗೆ ಬಾಡಿಗೆಗೆ

ಮಡಿಕೇರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜು ಪುಕ್ಕಟೆ. ಕರೆಯದೆ ಬರುತ್ತದೆ, ಕಿಟಕಿ ತೆರೆದಿದ್ದರೆ ಚಪ್ಪಲಿ ಕಳಚದೆ ಮನೆಯೊಳಗೂ ಬರುತ್ತದೆ, ಒಣಹಾಕಿದ ಬನಿಯನ್ನನ್ನು ನಾಲ್ಕು ದಿನ ಹಸಿಯಾಗಿಟ್ಟು ಹೋಗುತ್ತದೆ. ಇದೇ ಊರಿನ ಸ್ಟುಡಿಯೋಗಳ ಕೊಟೇಶನ್ನಿನಲ್ಲಿ ಈಗ ಒಂದು ಸಾಲು ಖಾಯಂ: ‘ಹೊಗೆ – ಪ್ರತ್ಯೇಕ’.

ಪ್ರಿ-ವೆಡ್ಡಿಂಗ್ ಜೋಡಿ ಮಧ್ಯರಾತ್ರಿ ಬೆಂಗಳೂರು ಬಿಟ್ಟು, ಜೀಪಿನಲ್ಲಿ ಕುಲುಕಿಸಿಕೊಂಡು, ಬೆಳಿಗ್ಗೆ ಆರಕ್ಕೆ ಮಾಂದಲ್‌ಪಟ್ಟಿ ಬೆಟ್ಟ ಮುಟ್ಟುತ್ತದೆ. ಎದುರಿಗೆ ಹಾಲು ಚೆಲ್ಲಿದಂತೆ ಮಂಜು. ವರ ಮಹಾಶಯ ಸೊಂಟದ ಮೇಲೆ ಕೈಯಿಟ್ಟು ನೋಡಿ, “ಬ್ರೋ, ಏನಿದು, ಬ್ಯಾಕ್‌ಗ್ರೌಂಡೇ ಕಾಣ್ತಿಲ್ಲ” ಅನ್ನುತ್ತಾನೆ. ಸರಿ, ಕಾಯುವುದು. ಒಂಬತ್ತೂವರೆಗೆ ಬಿಸಿಲು ಬಂದು ಬೆಟ್ಟಗಳೆಲ್ಲ ಸಾಲಾಗಿ ಎದ್ದು ನಿಂತ ಮೇಲೆ ಅದೇ ಬಾಯಿ, “ಸ್ವಲ್ಪ ಫಾಗ್ ಎಫೆಕ್ಟ್ ಬೇಕಿತ್ತಲ್ಲ?” ಅನ್ನುತ್ತದೆ. ಆಗ ಲೈಟ್ ಬಾಯ್ ಚೀಲದಿಂದ ಸ್ಮೋಕ್ ಬಾಂಬ್ ತೆಗೆಯುತ್ತಾನೆ.

ಈ ಬಾಂಬಿನ ಆಯುಷ್ಯ 60ರಿಂದ 90 ಸೆಕೆಂಡು. ಮೊದಲ ಹತ್ತು ಸೆಕೆಂಡು ಬೀಡಿಯಷ್ಟೇ ಹೊಗೆ, ಕೊನೆಯ ಹದಿನೈದು ಸೆಕೆಂಡು ಬರೀ ಉಸಿರಾಟ. ನಡುವೆ ಸಿಗುವುದರಲ್ಲಿ ಜೋಡಿ ತಿರುಗಬೇಕು, ನಗಬೇಕು, ಸೆರಗು ಹಾರಬೇಕು. ಹೊಗೆ ಹಿಡಿದವನು ಜೋಡಿಯಿಂದ ಮೂರು ನಾಲ್ಕು ಮೀಟರು ಹಿಂದೆ, ಗಾಳಿ ಅಡ್ಡ ಬೀಸುವ ಕಡೆ ನಿಲ್ಲಬೇಕು. ಗಾಳಿ ಎದುರಿನಿಂದ ಬಂದರೆ ಹೊಗೆ ಕಣಿವೆ ಪಾಲು. ಹಿಂದಿನಿಂದ ಬಂದರೆ ವಧುವಿನ ಮೂಗಿನ ಪಾಲು, ಜೊತೆಗೆ ಬಾಡಿಗೆ ಗೌನಿಗೆ ಗುಲಾಬಿ ಬಣ್ಣ, ಗೌನಿನ ಅಂಗಡಿಯಲ್ಲಿಟ್ಟ ಡೆಪಾಸಿಟ್ಟಿಗೆ ಎಳ್ಳುನೀರು. ಬೆಟ್ಟದ ನೆತ್ತಿಯಲ್ಲಿ ಗಾಳಿ ನಿಮಿಷಕ್ಕೊಂದು ದಿಕ್ಕು ಹಿಡಿಯುವುದರಿಂದ ಒಂದು ಫೋಟೋಕ್ಕೆ ನಾಲ್ಕು ಬಾಂಬು ಲೆಕ್ಕ. ಮಾರ್ಚಿನಲ್ಲಿ ಇದೇ ಕೆಲಸ ಮಾಡಿದರೆ ಕಾಲಡಿಯ ಹುಲ್ಲು ಒಣಗಿ ಬೆಂಕಿಪೊಟ್ಟಣದ ಹಾಗೆ ಕಾಯುತ್ತಿರುತ್ತದೆ ಎಂಬುದು ಯಾವ ರೀಲ್ಸಿನಲ್ಲೂ ಬರುವುದಿಲ್ಲ.

ಇನ್ನೊಂದು ಬೇಡಿಕೆ ಕಾಫಿ ಹೂವಿನದು. “15ನೇ ತಾರೀಖು ರಜೆ ಸಿಕ್ಕಿದೆ, ಹೂವು ಇರುತ್ತಲ್ವಾ?” ರೊಬಸ್ಟಾ ಕಾಫಿ ಗಿಡಕ್ಕೆ ಮೊಗ್ಗು ಅರಳಿಸುವ ಹೂಮಳೆ ಬೀಳಬೇಕು, ಇಲ್ಲವೇ ಸ್ಪ್ರಿಂಕ್ಲರ್ ಹಾಯಿಸಬೇಕು. ಆಮೇಲೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಒಮ್ಮೆಗೇ ಬೆಳ್ಳಗಾಗಿ, ಮೂರನೇ ದಿನಕ್ಕೆ ಕಂದು ತಿರುಗುತ್ತದೆ. ಐಟಿ ಕಂಪನಿಯ ರಜಾಪಟ್ಟಿ ನೋಡಿ ಹೂ ಬಿಡುವ ತಳಿಯನ್ನು ಇನ್ನೂ ಯಾರೂ ಬಿಡುಗಡೆ ಮಾಡಿಲ್ಲ. ಹೂವಿದ್ದಾಗಲೇ ಬಂದರೂ ತೋಟದವರು ಗೇಟು ತೆಗೆಯುವುದಿಲ್ಲ. ಗಿಡ ಅಲುಗಿಸಿದರೆ ಉದುರುವುದು ಅವರ ಕಣ್ಣಿಗೆ ಹೂವಲ್ಲ, ಡಿಸೆಂಬರಿನ ಚೀಲ. ಕೊನೆಗೆ ಹೂವನ್ನು ಎಡಿಟರ್ ಕಂಪ್ಯೂಟರಿನಲ್ಲಿ ಬಿಡಿಸುತ್ತಾನೆ. ಅದು ವರ್ಷವಿಡೀ ಬಿಡುತ್ತದೆ, ಸಿಲ್ವರ್ ಓಕ್ ಮರದಲ್ಲೂ ಬಿಡುತ್ತದೆ.

ಸಿಲ್ವರ್ ಓಕಿನ ಮಾತು ಬಂತು. ಡ್ರೋನುಗಳ ಸ್ಮಶಾನ ಅದೇ. ತೆಳ್ಳನೆ ಕೊಂಬೆ, ಕರೆಂಟಿನ ತಂತಿ ಎರಡೂ ಡ್ರೋನಿನ ಸೆನ್ಸರಿಗೆ ಸರಿಯಾಗಿ ಕಾಣುವುದಿಲ್ಲ, ಮಂಜಿನೊಳಗೆ ಹೊಕ್ಕರೆ ಏನೂ ಕಾಣುವುದಿಲ್ಲ. ಮರದ ತುದಿಯಲ್ಲಿ ಸಿಕ್ಕಿದ್ದನ್ನು ಇಳಿಸಲು ಕರಿಮೆಣಸು ಕೊಯ್ಯುವವರೇ ಬರಬೇಕು. ಅವರ ದಿನಗೂಲಿ ಕ್ಯಾಮೆರಾಮನ್‌ನದಕ್ಕಿಂತ ಜಾಸ್ತಿ ಇದ್ದರೂ ಇರಬಹುದು, ಮತ್ತು ಅವರಿಗೆ ದುಡ್ಡು ಅವತ್ತೇ ಸಂಜೆ ಸಿಗುತ್ತದೆ.

ವೇಷದ ವಿಚಾರ ಚುಟುಕಾಗಿ. ಮಡಿಕೇರಿಯ ರಾಜಾಸೀಟ್ ಉದ್ಯಾನದ ಸುತ್ತಮುತ್ತ ಬಾಡಿಗೆಗೆ ಸಿಗುವ ಕೊಡವ ಉಡುಪು ತೊಟ್ಟು ಫೋಟೋ ತೆಗೆಸಿಕೊಳ್ಳುವುದು ಪ್ಯಾಕೇಜಿನಲ್ಲೇ ಸೇರಿದೆ. ಕೊಡವ ಮದುಮಗ ತೊಡುವುದು ಬಿಳಿ ಕುಪ್ಯ, ಅಂದರೆ ಉದ್ದ ನಿಲುವಂಗಿ. ಬಾಡಿಗೆ ಮದುಮಗನಿಗೆ ಕಪ್ಪೇ ಬೇಕು, ಸ್ಲಿಮ್ಮಾಗಿ ಕಾಣುತ್ತದಂತೆ. ಸೀರೆಯ ನೆರಿಗೆ ಹಿಂದಕ್ಕೆ ಹೋಗಬೇಕು, ಸೆರಗು ಎಡಗಂಕುಳಡಿಯಿಂದ ಬಂದು ಬಲ ಭುಜಕ್ಕೆ ಸಿಕ್ಕಬೇಕು. ಆದರೆ ಹೊಲಿದೇ ಇಟ್ಟ ನೆರಿಗೆಯನ್ನು ಯಾರೋ ಮುಂದಕ್ಕೆ ತಿರುಗಿಸಿ ಉಡಿಸಿರುತ್ತಾರೆ. ನೋಡಿದ ಅಜ್ಜಿಯಂದಿರು ಏನೂ ಅನ್ನುವುದಿಲ್ಲ, ಮುಖ ಆ ಕಡೆ ತಿರುಗಿಸುತ್ತಾರೆ. ಪೀಚೆಕತ್ತಿಯನ್ನು ಒರೆಯಿಂದ ತೆಗೆದು ಹುಡುಗಿಯ ಗಲ್ಲಕ್ಕೆ ಹಿಡಿಯುವ ಪೋಸು ಈಚಿನದು.

ಇನ್ನು ಮದುವೆ. ರಿಸೆಪ್ಷನ್ ದಿನ ‘ಮೋಡದ ಮೇಲೆ ಎಂಟ್ರಿ’ ಆಗಬೇಕು. ಅದಕ್ಕೆ ಡ್ರೈ ಐಸು, ಅಂದರೆ ಹೆಪ್ಪುಗಟ್ಟಿಸಿದ ಇಂಗಾಲದ ಡೈಆಕ್ಸೈಡು. ಮೈಸೂರಿನಿಂದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಸುಮಾರು 120 ಕಿ.ಮೀ. ಹತ್ತಿ ಬರುವಷ್ಟರಲ್ಲಿ ಒಂದಷ್ಟು ದಾರಿಯಲ್ಲೇ ಆವಿ. ಉಳಿದದ್ದನ್ನು ಬಿಸಿನೀರಿಗೆ ಹಾಕಿದರೆ ಮಾತ್ರ ಮೋಡ, ನೀರು ಆರಿದರೆ ಮೋಡವೂ ಆರಿತು. ಬಿಸಿನೀರು ಇರುವುದು ಅಡುಗೆಮನೆಯಲ್ಲಿ. ಅಲ್ಲಿ ಆರುನೂರು ಜನಕ್ಕೆ ಕಡಂಬುಟ್ಟು (ಅಕ್ಕಿ ಕಡುಬು) ಬೇಯಿಸುತ್ತಿರುವ ಭಟ್ಟರು ಹಂಡೆಯ ಮುಂದೆ ಸೌಟು ಹಿಡಿದು ನಿಂತು, “ಇಲ್ಲಿ ಹಬೆ ಸಾಕಷ್ಟಿದೆ, ಮದುಮಕ್ಕಳನ್ನೇ ಕರ್ಕೊಂಡು ಬನ್ನಿ” ಅನ್ನುತ್ತಾರೆ. ಭಟ್ಟರ ಮಾತನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳದಿರುವುದು ದುರದೃಷ್ಟ. ಡ್ರೈ ಐಸಿನ ಮೋಡ ಎಂದರೆ ಇಂಗಾಲದ ಡೈಆಕ್ಸೈಡಿನ ಆಟ. ಅದು ಭಾರ, ಮೇಲೇಳದೆ ನೆಲದಲ್ಲೇ ಹರಿಯುತ್ತದೆ. ಉಸಿರುಕಟ್ಟಿಸುವ ಆ ಮೋಡದಲ್ಲಿ ಮಕ್ಕಳು ಮಲಗಿ ಈಜುತ್ತಾರೆ. ಬಾಗಿಲು ತೆಗೆದಿಡಿ, ಮಕ್ಕಳನ್ನು ಎತ್ತಿಕೊಳ್ಳಿ ಎಂದು ಹೇಳಬೇಕಾದವನು ಕೂಡ ಕ್ಯಾಮೆರಾಮನ್ನೇ. ಯಾಕೆಂದರೆ ಉಳಿದವರೆಲ್ಲ ಮೊಬೈಲ್ ಎತ್ತಿ ಹಿಡಿದಿರುತ್ತಾರೆ.

ಇದೇ ಹೊತ್ತಿಗೆ ಲೆನ್ಸು ಮಂಜಾಗುತ್ತದೆ. ಹೊರಗಿನ ಚಳಿಯಲ್ಲಿ ತಣ್ಣಗಾದ ಕ್ಯಾಮೆರಾವನ್ನು ಜನರ ಉಸಿರು, ಅಡುಗೆಯ ಹಬೆ ತುಂಬಿದ ಮಂಟಪಕ್ಕೆ ನೇರ ತಂದರೆ ಗಾಜಿನ ಮೇಲೆ ನೀರಾಡುತ್ತದೆ. ಬ್ಯಾಗಿನ ಜಿಪ್ ತೆಗೆಯದೆ ಇಪ್ಪತ್ತು ಮೂವತ್ತು ನಿಮಿಷ ಒಳಗೆ ಇಟ್ಟರೆ ಸರಿಹೋಗುತ್ತದೆ. ಅಷ್ಟು ಪುರುಸೊತ್ತು ಯಾರು ಕೊಡುತ್ತಾರೆ? ಅಂಗಿಯ ತುದಿಯಲ್ಲಿ ಒರೆಸಿ ತೆಗೆದ ಗೆರೆಗೆರೆಯ ವಿಡಿಯೋಗೆ ಆಮೇಲೆ ಮನೆಯವರು ‘ಡ್ರೀಮಿ ಲುಕ್’ ಎಂದು ಹೆಸರಿಡುತ್ತಾರೆ. ಹಾಗೆ ಒಂದು ಪುಕ್ಕಟೆ ಹೊಗೆ ಲೆಕ್ಕಕ್ಕೆ ಸೇರುತ್ತದೆ.

ಕೊಡವ ಮದುವೆಯ ಮೂರ್ತದಲ್ಲಿ, ಅಂದರೆ ಮುಹೂರ್ತದಲ್ಲಿ, ವಿಷಯ ಇನ್ನೂ ಸೊಗಸು. ಮದುಮಗಳು ಮುಕ್ಕಾಲಿಯ ಮೇಲೆ ಕೂತಿರುತ್ತಾಳೆ. ಬಂದವರು ಒಬ್ಬೊಬ್ಬರಾಗಿ ಅಕ್ಕಿ ಹಾಕಿ, ಕಿಂಡಿಯಿಂದ (ಕೊಕ್ಕಿರುವ ಗಿಂಡಿ) ಒಂದು ಗುಟುಕು ಹಾಲು ಕುಡಿಸಿ, ಕೈಗೆ ದುಡ್ಡಿಟ್ಟು ಹರಸುತ್ತಾರೆ. ಒಬ್ಬರಿಗೆ 20 ಸೆಕೆಂಡು ಹಿಡಿದರೂ ಆರುನೂರು ಜನಕ್ಕೆ ಮೂರು ಗಂಟೆ ಇಪ್ಪತ್ತು ನಿಮಿಷ. ಇದಕ್ಕೆ ಇಬ್ಬರು ಫೋಟೋಗ್ರಾಫರು: ಒಬ್ಬ ‘ಟ್ರೆಡಿಷನಲ್’, ಒಬ್ಬ ‘ಕ್ಯಾಂಡಿಡ್’. ಟ್ರೆಡಿಷನಲ್‌ನವನು “ಅಂಕಲ್, ಈ ಕಡೆ ನೋಡಿ” ಅನ್ನುವುದು, ಕ್ಯಾಂಡಿಡ್‌ನವನು “ಅಂಕಲ್, ಈ ಕಡೆ ನೋಡ್ಬೇಡಿ” ಅನ್ನುವುದು. ಅಂಕಲ್ ಪಾಪ ಕಿಂಡಿ ಹಿಡಿದು ಕಕ್ಕಾಬಿಕ್ಕಿ. ಕೊನೆಗೆ ಟ್ರೆಡಿಷನಲ್ ಕಡೆ ತಿರುಗಿ “ಬಂತಾ?” ಎಂದು ಕೇಳುತ್ತಾರೆ. ಅಷ್ಟರಲ್ಲಿ ಕ್ಯಾಂಡಿಡ್ ಕೆಟ್ಟಿತು. ಇನ್ನೊಮ್ಮೆ ಸಹಜವಾಗಿ ಮಾಡಿ ಅಂಕಲ್, ಇನ್ನೊಂದು ಗುಟುಕು. ಹತ್ತರಲ್ಲಿ ಒಬ್ಬರಿಗೆ ರಿಟೇಕ್ ಎಂದರೂ ಮದುಮಗಳ ಹೊಟ್ಟೆಗೆ 60 ಗುಟುಕು ಹೆಚ್ಚುವರಿ ಹಾಲು. ಗಂಗಾಪೂಜೆಯ ದಾರಿಯಲ್ಲಿ ಕೊಡ ಹೊತ್ತು ನಿಂತವಳ ಮುಂದೆ ವಾಲಗ ಕುಣಿತ ಗಂಟೆಗಟ್ಟಲೆ ನಡೆಯುವಾಗ ಅವಳ ಮುಖದಲ್ಲಿ ಕಾಣುವ ಭಾವವನ್ನು ಎಡಿಟರುಗಳು ‘ಇಮೋಷನಲ್ ಮೊಮೆಂಟ್’ ಎಂದು ಸ್ಲೋ ಮೋಷನ್ ಮಾಡುತ್ತಾರೆ. ಅದು ಹಾಲಿನದು.

ಈಗ ತೂಕದ ಲೆಕ್ಕ. ಫೋರ್-ಕೆ ವಿಡಿಯೋ ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಓಡಿದರೆ ಗಂಟೆಗೆ 45 ಜಿಬಿ. ಬರೀ ಆ ಮೂರ್ತದ ಸಾಲೇ ಒಂದು ಕ್ಯಾಮೆರಾದಲ್ಲಿ 150 ಜಿಬಿ, ಎರಡರಲ್ಲಿ 300. ಮಾರನೇ ದಿನ ಬೆಳಿಗ್ಗೆ ದುಬೈಯಿಂದ ಚಿಕ್ಕಪ್ಪನ ಫೋನು: “ಎಲ್ಲಾ ವಿಡಿಯೋ ಇವತ್ತೇ ಲಿಂಕ್ ಕಳಿಸಿ.” 10 ಎಂಬಿಪಿಎಸ್ ಅಪ್‌ಲೋಡ್ ಇರುವ ಊರಿನಲ್ಲಿ 300 ಜಿಬಿ ಹತ್ತಲು 66 ಗಂಟೆ ದಾಟುತ್ತದೆ, ಕರೆಂಟು ಹೋಗದಿದ್ದರೆ. ಕರೆಂಟು ಹೋಗದಿದ್ದರೆ ಎಂಬ ಮಾತಿಗೆ ವಿರಾಜಪೇಟೆಯಲ್ಲೂ ಸೋಮವಾರಪೇಟೆಯಲ್ಲೂ ಜನ ನಗುತ್ತಾರೆ. ಪೆನ್‌ಡ್ರೈವಿಗೆ ಹಾಕಿಕೊಡೋಣ ಎಂದರೆ ಮದುವೆ ಮನೆಯವರು ಕೊಟ್ಟದ್ದು ಹಳೆಯ ಫ್ಯಾಟ್-32 ಫಾರ್ಮ್ಯಾಟ್‌ನದು, 4 ಜಿಬಿ ಮೀರಿದ ಒಂದೇ ಫೈಲು ಅದರ ಗಂಟಲಿನಲ್ಲಿ ಇಳಿಯುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಿಸಬೇಕೆಂದರೆ ಅದರಲ್ಲಿರುವ ಸಿನಿಮಾ ಅಳಿಸಬೇಕು. “ಅಯ್ಯೋ, ಅದು ಬೇಡ.”

ಆಲ್ಬಮ್ಮಿಗೆ 150 ಫೋಟೋ ಆರಿಸಿ ಎಂದರೆ ಮೊದಲ ಮೂರು ತಿಂಗಳು ಸದ್ದಿಲ್ಲ, ನಾಲ್ಕನೇ ತಿಂಗಳು 640 ಬರುತ್ತದೆ. ಹುಡುಗನ ಕಡೆಯವರು ಒಂದು ಪಟ್ಟಿ, ಹುಡುಗಿಯ ಕಡೆಯವರು ಇನ್ನೊಂದು, ಎರಡರಲ್ಲೂ ಇರುವುದು ಮೋಡದ ಎಂಟ್ರಿ ಮಾತ್ರ. 12×36 ಇಂಚಿನ ಶೀಟಿಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಉದ್ದ 10,800 ಪಿಕ್ಸೆಲ್ ಬೇಕು. “ಇದೂ ಸೇರಿಸಿ” ಎಂದು ಅತ್ತಿಗೆ ಕಳಿಸುವ ವಾಟ್ಸಾಪ್ ಫೋಟೋ 1600. ಶೀಟಿನ ತುಂಬ ಹಾಕಿದರೆ ಮುಖ ಇಟ್ಟಿಗೆ ಗೋಡೆ. ಆಗ ದೂರು: “ನಿಮ್ಮ ಪ್ರಿಂಟ್ ಸರಿಯಿಲ್ಲ.” ಮೂರ್ತದ ಆರುನೂರು ಫೋಟೋಗಳಲ್ಲಿ ಒಂದನ್ನೂ ಯಾರೂ ಆರಿಸುವುದಿಲ್ಲ. ಅದರಲ್ಲಿ ಒಬ್ಬ ಭಾವನ ಫೋಟೋ ತಪ್ಪಿದ್ದರೆ ಮಾತ್ರ ಬಾಕಿ ಹಣಕ್ಕೆ ಕತ್ತರಿ.

ಬಾಕಿ ಹಣ ಎಂಬುದೂ ಮಂಜಿನಂಥದ್ದೇ, ದೂರದಲ್ಲಿ ಕಾಣುತ್ತದೆ, ಹತ್ತಿರ ಹೋದರೆ ಇರುವುದಿಲ್ಲ. ಅಡುಗೆಯವರಿಗೆ ಎಲೆ ಎತ್ತುವ ಮೊದಲು, ವಾಲಗದವರಿಗೆ ಡೋಲು ಇಳಿಸುವ ಮೊದಲು. ಸ್ಟುಡಿಯೋದವರಿಗೆ ‘ಕಾಫಿ ಮಾರಿದ ಮೇಲೆ’. ಕಾಫಿ ರೇಟು ಇಳಿದರೆ ‘ಇನ್ನೂ ಮಾರಿಲ್ಲ’, ಏರಿದರೆ ‘ಇನ್ನೂ ಏರಲಿ ಅಂತ ಇಟ್ಟಿದ್ದೇವೆ’.

ಜುಲೈ–ಆಗಸ್ಟ್ ನಡುವಿನ ಕಕ್ಕಡ ತಿಂಗಳಲ್ಲಿ ಕೊಡವರಲ್ಲಿ ಮದುವೆಯಿಲ್ಲ. ಆಗ ಸ್ಟುಡಿಯೋದ ಹೊಟ್ಟೆ ಹೊರೆಯುವುದು ಪಾಸ್‌ಪೋರ್ಟ್ ಫೋಟೋ, 35×45 ಮಿ.ಮೀ., 4×6 ಇಂಚಿನ ಹಾಳೆಗೆ ಎಂಟು. ಉಳಿದ ಹೊತ್ತು ಲೆನ್ಸಿನ ಬೂಷ್ಟಿನ ಜೊತೆ ಯುದ್ಧ. ತೇವಾಂಶ 40–50 ಶೇಕಡಾ ನಿಲ್ಲಿಸುವ ಡ್ರೈ ಕ್ಯಾಬಿನೆಟ್ ಇದ್ದವರು ಪುಣ್ಯವಂತರು. ಇಲ್ಲದವರು ಅಲಮಾರಿಯೊಳಗೆ ಹಳೆಯ ಬಲ್ಬು ಉರಿಸಿ, ನೀಲಿ ಸಿಲಿಕಾ ಜೆಲ್ ಗುಲಾಬಿಯಾದಾಗೆಲ್ಲ ಬಾಣಲೆಯಲ್ಲಿ ಹುರಿಯುತ್ತಾರೆ. ಬೂಷ್ಟು ಗಾಜಿನ ಲೇಪನ ತಿಂದ ಮೇಲೆ ಒರೆಸಿದರೂ ಗುರುತು ಹೋಗುವುದಿಲ್ಲ. ಆ ಲೆನ್ಸಿನಲ್ಲಿ ತೆಗೆದರೆ ಎಲ್ಲ ಫೋಟೋಗೂ ಹೊಗೆ ಉಚಿತ.

ಇಂಥದೇ ಒಂದು ಮಳೆಗಾಲದ ಸಂಜೆ ಕೊಡೆ ಮಡಚಿ ಇಬ್ಬರು ಒಳಗೆ ಬರುತ್ತಾರೆ. ಮಾವ ತೀರಿಕೊಂಡಿದ್ದಾರೆ, ಮಾದಕ್ಕೆ, ಅಂದರೆ ತಿಥಿಗೆ, 12×18 ಇಂಚಿನ ಫ್ರೇಮು ಬೇಕು. ಮನೆಯ ಮೊಬೈಲುಗಳಲ್ಲಿ ಸಾವಿರಾರು ಫೋಟೋ ಇವೆ. ಮಾವ ಎಲ್ಲದರಲ್ಲೂ ಅಂಚಿನಲ್ಲಿ, ಅರ್ಧ, ಇಲ್ಲವೇ ಊಟ ಮಾಡುತ್ತ. “ನಮ್ಮ ಮದುವೆ ನೀವೇ ಅಲ್ವಾ ಅಣ್ಣ ತೆಗ್ದಿದ್ದು?” ಹಾರ್ಡ್ ಡಿಸ್ಕ್ ಹುಡುಕಿದರೆ ಯಾರೂ ಆರಿಸದ ಮೂರ್ತದ ಸಾಲಿನಲ್ಲಿ ಮಾವ ಸಿಗುತ್ತಾರೆ. ಕ್ಯಾಂಡಿಡ್ ಕೆಡಿಸಿದ ಫ್ರೇಮು ಅದು: ಕಿಂಡಿ ಹಿಡಿದು, ನೇರ ಕ್ಯಾಮೆರಾ ನೋಡಿ “ಬಂತಾ?” ಎಂದು ಕೇಳಿದ ಕ್ಷಣ. ಕಣ್ಣಿಗೆ ಫೋಕಸ್ ಕೂತಿದೆ, ಮುಖಕ್ಕೆ ಫ್ಲ್ಯಾಶ್ ಸರಿ ಬಿದ್ದಿದೆ. 6000×4000ರ ಚಿತ್ರದಲ್ಲಿ ಮುಖ, ಭುಜದ ಭಾಗ ಕತ್ತರಿಸಿದರೆ 1500×2250 ಉಳಿಯುತ್ತದೆ. 12×18ಕ್ಕೆ ಇಂಚಿಗೆ 125 ಪಿಕ್ಸೆಲ್, ಗೋಡೆಗೆ ಸಾಕು. ಕಿಂಡಿ ಕತ್ತರಿಸಿ, ಹಿಂದಿನ ಎಲ್‌ಇಡಿ ಗೋಡೆ ಅಳಿಸಿ ಸ್ಕ್ರೀನಿನ ಮೇಲೆ ತೋರಿಸಿದಾಗ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆಮೇಲೆ ಅಳಿಯ ಮೆಲ್ಲಗೆ ಹೇಳುತ್ತಾನೆ: “ಹಿಂದುಗಡೆ ಸ್ವಲ್ಪ ಮೋಡದ ತರ ಹಾಕ್ತೀರಾ ಅಣ್ಣ?”

ಹಾಕಿಕೊಡುತ್ತಾರೆ. ಅವರ ಮದುವೆಯ ಬಾಕಿ ಇನ್ನೂ ಪುಸ್ತಕದಲ್ಲಿದೆ, ಅವತ್ತು ಆ ಪುಟ ತೆಗೆಯುವುದಿಲ್ಲ. ಮೋಡಕ್ಕೂ ಬಿಲ್ಲಿಲ್ಲ.