ಒಂದೆರಡು ಕಿಲೋಮೀಟರ್‌ಗೆ ಗಾಡಿ ಯಾಕೆ?

ಪರಿಸರಕ್ಕಾಗಿ ನಮ್ಮ ಕೈಲಾದದ್ದು ಏನು ಮಾಡಬಹುದು ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ. ಹೊಸ ಗಾಡಿ ಕೊಳ್ಳುವ ಯೋಚನೆ ಆಮೇಲೆ ಇರಲಿ, ಮೊದಲು ನಿಮ್ಮ ಸಣ್ಣಪುಟ್ಟ ಓಡಾಟ ನೋಡಿಕೊಳ್ಳಿ. ಅಂಗಡಿ, ಬ್ಯಾಂಕು, ಮಗುವಿನ ಶಾಲೆ, ಬಸ್ ನಿಲ್ದಾಣ. ಒಂದು ಕಿಲೋಮೀಟರ್, ಹೆಚ್ಚೆಂದರೆ ಎರಡು. ಇಷ್ಟಕ್ಕೇ ಕೀ ಹುಡುಕುತ್ತೇವೆ ಅಲ್ವಾ? ಇಂಜಿನ್ ಎಲ್ಲಕ್ಕಿಂತ ಕೊಳಕಾಗಿ ಉರಿಯುವುದು ಇಲ್ಲೇ.

ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್‌ನಿಂದ ನೀರು ತೊಟ್ಟಿಕ್ಕುವುದನ್ನು ನೀವು ನೋಡಿರುತ್ತೀರಿ. ಪೆಟ್ರೋಲ್ ಉರಿದಾಗ ಹೊಗೆಯ ಜೊತೆ ನೀರಿನ ಆವಿಯೂ ಹುಟ್ಟುತ್ತದೆ. ಪೈಪು ತಣ್ಣಗಿದ್ದರೆ ಆ ಆವಿ ಅಲ್ಲೇ ನೀರಾಗಿ ಹನಿಯುತ್ತದೆ. ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಈ ಹನಿ ನಿಂತುಹೋಗುತ್ತದೆ. ಅದೇ ಪೈಪಿನಲ್ಲಿ, ಇಂಜಿನ್‌ಗೆ ಹತ್ತಿರವಾಗಿ, ಕ್ಯಾಟಲಿಟಿಕ್ ಕನ್ವರ್ಟರ್ ಅಂತ ಒಂದು ಡಬ್ಬಿ ಇರುತ್ತದೆ. ಒಳಗೆಲ್ಲ ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತು. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳುವಾದ ಲೇಪ. ಕಾರ್ಬನ್ ಮಾನಾಕ್ಸೈಡ್, ಅರೆಬೆಂದ ಇಂಧನ, ನೈಟ್ರೋಜನ್ ಆಕ್ಸೈಡ್‌ಗಳನ್ನು ಕಡಿಮೆ ಹಾನಿಯ ಅನಿಲಗಳನ್ನಾಗಿ ಮಾಡುವುದು ಇದರ ಕೆಲಸ. ಆದರೆ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿ ಏರುವ ತನಕ ಅದು ಸರಿಯಾಗಿ ಕೆಲಸವನ್ನೇ ಶುರು ಮಾಡುವುದಿಲ್ಲ. ಜೊತೆಗೆ ತಣ್ಣಗಿರುವ ಇಂಜಿನ್ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ, ಆಯಿಲ್ ಕೂಡ ಗಟ್ಟಿಯಾಗಿರುತ್ತದೆ. ಡಬ್ಬಿ ಬಿಸಿಯಾಗಿ ಎಲ್ಲ ಒಂದು ಹದಕ್ಕೆ ಬರುವ ಹೊತ್ತಿಗೆ ನಾವು ಅಂಗಡಿ ಮುಂದೆ ಇಳಿದಿರುತ್ತೇವೆ. ಹೊಗೆ ಮಾತ್ರ ನಮ್ಮದೇ ಬೀದಿಯಲ್ಲಿ, ಮಕ್ಕಳು ಆಡುವ ಜಾಗದಲ್ಲಿ ಉಳಿದಿರುತ್ತದೆ.

ಇಂಗಾಲದ ಲೆಕ್ಕ ಬೇರೆಯೇ ಇದೆ. ಅದಕ್ಕೆ ಯಾವ ಡಬ್ಬಿಯೂ ಇಲ್ಲ. ಒಂದು ಲೀಟರ್ ಪೆಟ್ರೋಲ್ ತೂಕ ಮುಕ್ಕಾಲು ಕೆಜಿಯಷ್ಟು. ಅದು ಉರಿದರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಡೀಸೆಲ್‌ ಆದರೆ 2.7 ಕೆಜಿ ಹತ್ತಿರ. ಮುಕ್ಕಾಲು ಕೆಜಿಯಿಂದ ಎರಡು ಕೆಜಿಗಿಂತ ಜಾಸ್ತಿ ಬರುವುದು ಹೇಗೆ ಅಂತ ಅನ್ನಿಸಬಹುದು. ಪೆಟ್ರೋಲಿನ ಇಂಗಾಲ ಗಾಳಿಯಲ್ಲಿರುವ ಆಮ್ಲಜನಕವನ್ನು ಸೇರಿಸಿಕೊಳ್ಳುತ್ತದೆ, ತೂಕ ಹೆಚ್ಚುವುದು ಅದರಿಂದ. ಇನ್ನು ಈ ಪೆಟ್ರೋಲಿನ ಶಕ್ತಿಯಲ್ಲಿ ಬಹುಪಾಲು ಬಿಸಿಯಾಗಿ ಹಾಳಾಗುತ್ತದೆ, ಚಕ್ರಕ್ಕೆ ಸಿಗುವುದು ಕಾಲು ಭಾಗದಷ್ಟು. ಆ ಕಾಲು ಭಾಗದಲ್ಲೂ ಹೆಚ್ಚಿನದು ಸಾವಿರ ಕೆಜಿ ಮೀರಿದ ಕಾರನ್ನೇ ಎಳೆಯುವುದಕ್ಕೆ ಖರ್ಚು. ಒಳಗೆ ಕೂತವರು ಅರವತ್ತೋ ಎಪ್ಪತ್ತೋ ಕೆಜಿ ಇರುತ್ತಾರೆ. ಒಂದು ಬ್ರೆಡ್ ತರಲು ಇಷ್ಟೆಲ್ಲ ಬೇಕಾ? ನನಗೆ ಇದು ನಿಜವಾಗಿಯೂ ಸಂಕಟದ ವಿಷಯ.

ಹಾಗಾಗಿ ಸಣ್ಣ ದೂರಕ್ಕೆ ನಡಿಗೆ. ಒಂದು ಕಿಲೋಮೀಟರ್ ಅಂದರೆ ಹನ್ನೆರಡು ನಿಮಿಷ, ನಿಧಾನಕ್ಕೆ ಹೋದರೆ ಹದಿನೈದು. ಗಾಡಿ ತೆಗೆದು, ಹೋಗಿ, ನಿಲ್ಲಿಸುವ ಜಾಗ ಹುಡುಕುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಒಮ್ಮೆ ಗಡಿಯಾರ ನೋಡಿಕೊಳ್ಳಿ.

ಇನ್ನೂ ಸ್ವಲ್ಪ ದೂರಕ್ಕೆ ಸೈಕಲ್. ಸೈಕಲ್ ಅಂದ ಕೂಡಲೇ ಬಹಳ ಜನ ಹೇಳುವುದು "ಅಯ್ಯೋ, ಮಂಡಿ ನೋವು" ಅಂತ. ನಾನು ನೋಡಿದ ಮಟ್ಟಿಗೆ ಸುಮಾರು ಜನರಿಗೆ ತೊಂದರೆ ಇರುವುದು ಸೀಟಿನಲ್ಲಿ. ಎರಡೂ ಕಾಲು ನೆಲಕ್ಕೆ ಪೂರ್ತಿ ಊರುವ ಹಾಗೆ ಸೀಟು ಇಳಿಸಿಕೊಂಡಿರುತ್ತಾರೆ. ಆಗ ಪ್ರತಿ ಸುತ್ತಿನಲ್ಲೂ ಮಂಡಿ ಅತಿಯಾಗಿ ಮಡಚುತ್ತದೆ, ಭಾರವೆಲ್ಲ ಅದರ ಮೇಲೇ ಬೀಳುತ್ತದೆ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ಪೂರ್ತಿ ಕೆಳಗೆ ಬಂದಾಗ ಕಾಲು ನೇರವಾಗಬೇಕು. ಅಷ್ಟು ಎತ್ತರಕ್ಕೆ ಸೀಟು ಏರಿಸಿ. ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲಿರಲಿ, ಆಗ ಮಂಡಿ ತುಸುವೇ ಬಾಗಿರುತ್ತದೆ. ಏರು ಬಂದರೆ ಮೊದಲೇ ಗೇರ್ ಇಳಿಸಿ, ಹಗುರಾಗಿ ಬೇಗ ಬೇಗ ತುಳಿಯಿರಿ. ಟೈರಿಗೆ ಗಾಳಿ, ಚೈನಿಗೆ ಒಂದಿಷ್ಟು ಎಣ್ಣೆ. ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಎಷ್ಟೋ ಸೈಕಲ್‌ಗಳಿಗೆ ಬೇಕಾಗಿರುವುದು ಇಷ್ಟೇ. ಆಮೇಲೂ ನೋವು ಬಂದರೆ ಡಾಕ್ಟರ ಹತ್ತಿರ ತೋರಿಸಿ, ಹಟಕ್ಕೆ ಬೀಳಬೇಡಿ.

ದಿನಾ ಕೆಲಸಕ್ಕೆ ದೂರ ಹೋಗುವವರಿಗೆ ಬಸ್ಸು, ರೈಲು. ಬಸ್ಸಿನ ಹೊಗೆ ಕಂಡು ಬೈಯುವವರು ಒಂದು ಸಣ್ಣ ಲೆಕ್ಕ ಮಾಡಿ ನೋಡಬೇಕು. ದೊಡ್ಡ ಸಿಟಿ ಬಸ್ಸು ಲೀಟರ್ ಡೀಸೆಲ್‌ಗೆ ನಾಲ್ಕು ಕಿಲೋಮೀಟರ್ ಓಡುತ್ತದೆ ಅಂತ ಇಟ್ಟುಕೊಳ್ಳೋಣ. ಒಳಗೆ 40 ಜನ ಇದ್ದರೆ ಒಂದು ಲೀಟರ್‌ನಲ್ಲಿ ಒಟ್ಟು 160 ಕಿಲೋಮೀಟರ್ ಪ್ರಯಾಣ ಆದ ಹಾಗೆ. ಲೀಟರ್‌ಗೆ 15 ಕಿಲೋಮೀಟರ್ ಕೊಡುವ ಕಾರಿನಲ್ಲಿ ಒಬ್ಬರೇ ಹೋದರೆ ಬರೀ 15. ಅದೇ ಕಾರಿನಲ್ಲಿ ನಾಲ್ಕು ಜನ ಕೂತರೆ 60. ಅಂದರೆ ಒಂದೇ ಕಡೆ ಕೆಲಸಕ್ಕೆ ಹೋಗುವ ನಾಲ್ವರು ಕಾರು ಹಂಚಿಕೊಂಡರೂ ಒಳ್ಳೆಯದೇ, ಯಾವ ಹೊಸ ಗಾಡಿಯೂ ಬೇಕಿಲ್ಲ. ಖಾಲಿ ಬಸ್ಸಿನ ಲೆಕ್ಕ ಇಷ್ಟು ಚೆನ್ನಾಗಿಲ್ಲ, ನಿಜ. ಆದರೆ ಆ ಬಸ್ಸು ಹೇಗೂ ಆ ದಾರಿಯಲ್ಲಿ ಹೋಗುತ್ತದೆ. ನಾನೊಬ್ಬ ಹತ್ತಿದ್ದಕ್ಕೆ ಅದಕ್ಕೆ ಹೆಚ್ಚುವರಿಯಾಗಿ ಬೇಕಾಗುವ ಡೀಸೆಲ್ ಲೆಕ್ಕಕ್ಕೇ ಬರುವುದಿಲ್ಲ.

ಎಲೆಕ್ಟ್ರಿಕ್ ಕಾರಿನ ಬಗ್ಗೆ ನನಗೆ ವಿರೋಧವಿಲ್ಲ. ಮೋಟಾರು ಶಕ್ತಿಯನ್ನು ಇಂಜಿನ್‌ನಷ್ಟು ಪೋಲು ಮಾಡುವುದಿಲ್ಲ, ಬೀದಿಯಲ್ಲಿ ಹೊಗೆಯೂ ಇಲ್ಲ. ಗಾಡಿ ಇಲ್ಲದೆ ನಡೆಯುವುದೇ ಇಲ್ಲ ಅನ್ನುವವರು ಹಳೆಯದು ಹೋದಾಗ ಅದನ್ನೇ ಕೊಳ್ಳಲಿ. ಆದರೆ "ಎಲೆಕ್ಟ್ರಿಕ್ ತಗೊಂಡೆ, ಇನ್ನು ಚಿಂತೆಯಿಲ್ಲ" ಅನ್ನುವ ನೆಮ್ಮದಿಯನ್ನು ನಾನು ಒಪ್ಪುವುದಿಲ್ಲ. ಬ್ಯಾಟರಿ ಮಾಡಲು ಗಣಿ ಅಗೆಯಬೇಕು. ಕಲ್ಲಿದ್ದಲಿನ ಕರೆಂಟ್ ಆದರೆ ಹೊಗೆ ಬೇರೆ ಊರಿನಲ್ಲಿ ಏಳುತ್ತದೆ. ಟೈರ್ ಸವೆದು ಏಳುವ ಸಣ್ಣ ಧೂಳು ಇದರಿಂದಲೂ ಬರುತ್ತದೆ. ಟ್ರಾಫಿಕ್ ಜಾಮ್‌ನಲ್ಲಿ ಅದೂ ಪೆಟ್ರೋಲ್ ಕಾರಿನಷ್ಟೇ ಜಾಗ ಹಿಡಿಯುತ್ತದೆ. ಒಂದು ಎಲೆಕ್ಟ್ರಿಕ್ ಕಾರು 40 ಕಿಲೋಮೀಟರ್ ಹೋಗಲು ಆರೇಳು ಯೂನಿಟ್ ಕರೆಂಟ್ ಬೇಕು. ಎಲೆಕ್ಟ್ರಿಕ್ ಸೈಕಲ್‌ಗೆ ಅರ್ಧ ಯೂನಿಟ್ ಸಾಕು. ಈ ಸೈಕಲ್ ಬಗ್ಗೆ ಯಾಕೆ ಜನ ಇಷ್ಟು ಕಡಿಮೆ ಮಾತಾಡುತ್ತಾರೋ ನನಗೆ ಅರ್ಥವಾಗಿಲ್ಲ. ಬೆವರು, ಏರು, ವಯಸ್ಸು, ಮೂರಕ್ಕೂ ಅದು ಉತ್ತರ.

ಇದೆಲ್ಲ ಎಲ್ಲರಿಗೂ ಆಗುವುದಿಲ್ಲ ಅಂತ ಗೊತ್ತು. ರಾತ್ರಿ ಪಾಳಿ ಮುಗಿಸಿ ಕತ್ತಲಲ್ಲಿ ಮನೆಗೆ ಬರುವ ಹೆಣ್ಣುಮಗಳಿಗೆ "ನಡೆದು ಹೋಗು" ಅನ್ನುವ ಹಕ್ಕು ನನಗಿಲ್ಲ. ನಡೆಯಲಾಗದವರು, ಹಸುಗೂಸು ಎತ್ತಿಕೊಂಡವರು, ಬಸ್ಸೇ ಇಲ್ಲದ ಕಡೆ ಇರುವವರು ಗಾಡಿ ಬಳಸಿದರೆ ಯಾರೂ ತಪ್ಪು ಹೊರಿಸಬಾರದು. ನಾನು ಹೇಳುತ್ತಿರುವುದು ಆಯ್ಕೆ ಇದ್ದೂ ಅಭ್ಯಾಸಬಲದಿಂದ ಕೀ ಎತ್ತಿಕೊಳ್ಳುವವರಿಗೆ. ಅಂಥವರೇ ಬಹಳ ಜನ ಇದ್ದೇವೆ.

"ರಸ್ತೆ ಸರಿಯಿಲ್ಲ, ಮೊದಲು ಸರ್ಕಾರ ಮಾಡಲಿ" ಅನ್ನುವ ಮಾತೂ ಇದೆ. ಅದರಲ್ಲಿ ಅರ್ಧ ನಿಜ ಇದೆ. ಆದರೆ ನೆದರ್‌ಲ್ಯಾಂಡ್ಸ್‌ನಲ್ಲಿ ಏನಾಯಿತು ನೋಡಿ. ಅಲ್ಲಿ ಮೊದಲಿಂದಲೂ ಎಲ್ಲ ಚೆನ್ನಾಗಿತ್ತು ಅಂದುಕೊಂಡಿರುತ್ತೇವೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲೂ ಕಾರುಗಳೇ ಬೀದಿ ತುಂಬಿದವು, ಸೈಕಲ್ ಸವಾರರು ಮೂಲೆಗೆ ಬಿದ್ದರು. 1971ರಲ್ಲಿ ಆ ಸಣ್ಣ ದೇಶದ ರಸ್ತೆಗಳಲ್ಲಿ ಸತ್ತವರು 3,000ಕ್ಕೂ ಹೆಚ್ಚು, ಅವರಲ್ಲಿ 400ಕ್ಕಿಂತ ಜಾಸ್ತಿ ಮಕ್ಕಳು. ತಂದೆತಾಯಂದಿರು ಬೀದಿಗಿಳಿದರು. ರಸ್ತೆ ತಡೆದರು, ಮಕ್ಕಳ ಕೊಲೆ ನಿಲ್ಲಿಸಿ ಅಂತ ಕೂಗಿದರು. 1973ರಲ್ಲಿ ತೈಲದ ಬಿಕ್ಕಟ್ಟು ಬಂದು ಭಾನುವಾರ ಕಾರು ಓಡಿಸುವುದನ್ನೇ ಸರ್ಕಾರ ಸ್ವಲ್ಪ ಕಾಲ ನಿಲ್ಲಿಸಿತು. ಇಂದು ನಾವು ಫೋಟೋದಲ್ಲಿ ನೋಡಿ ಖುಷಿಪಡುವ ಸೈಕಲ್ ದಾರಿಗಳು ಅಲ್ಲಿ ಹರಡಿದ್ದು ಈ ಒತ್ತಾಯದ ನಂತರ.

ಒತ್ತಾಯ ಮಾಡಿದವರು ಆ ಬೀದಿಯಲ್ಲಿ ದಿನಾ ನಡೆಯುತ್ತಿದ್ದವರು, ಮಕ್ಕಳನ್ನು ಸೈಕಲ್‌ನಲ್ಲಿ ಕಳಿಸುತ್ತಿದ್ದವರು. ಎಸಿ ಹಾಕಿಕೊಂಡು ಕಾರಿನಲ್ಲಿ ಹೋಗುವಾಗ ಫುಟ್‌ಪಾತ್‌ನ ಕಲ್ಲು ಎದ್ದಿರುವುದು ನಮಗೆ ಕಾಣುವುದೇ ಇಲ್ಲ. ನಡೆದಾಗ ಕಾಲಿಗೆ ತಾಗುತ್ತದೆ. ತಾಗಿದಾಗಲೇ ದೂರು ಕೊಡುವ ಮನಸ್ಸು ಬರುತ್ತದೆ. ಒಬ್ಬರು ಕೊಟ್ಟರೆ ಫೈಲು ಕೆಳಗೆ ಹೋಗಬಹುದು, ಒಂದೇ ಬೀದಿಯ ನಲವತ್ತು ಜನ ಕೊಟ್ಟರೆ ಅಷ್ಟು ಸುಲಭವಲ್ಲ.

ಕೆಲಸ ಮಾಡುವ ಕಡೆಯೂ ಕೇಳಿ. ಕಾರಿಗೆ ನೆಲಮಾಳಿಗೆಯಲ್ಲಿ ಅಷ್ಟು ಜಾಗ ಕೊಡುವವರು ಸೈಕಲ್‌ಗೆ ಮಳೆ ಬೀಳದ ಒಂದು ಸ್ಟ್ಯಾಂಡ್ ಕೊಡಬಹುದು. ಮುಖ ತೊಳೆದು ಬಟ್ಟೆ ಬದಲಿಸಲು ಒಂದು ಕೋಣೆ ಕೊಡಬಹುದು. ಪಾರ್ಕಿಂಗ್‌ಗೆ ಮಾಡುವ ಖರ್ಚಿನಲ್ಲಿ ಒಂದಿಷ್ಟನ್ನು ಬಸ್ ಪಾಸಿಗೆ ಹಾಕಬಹುದು. ಎಚ್‌ಆರ್‌ಗೆ ಒಂದು ಮೇಲ್ ಬರೆಯಿರಿ, ಜೊತೆಗೆ ನಾಲ್ಕು ಜನ ಸಹೋದ್ಯೋಗಿಗಳ ಹೆಸರು ಸೇರಿಸಿ ಕಳಿಸಿ.