ಹೊಸ ಬ್ರೇಕು, ಹಳೇ ಭಾವಮೈದ

ಮೂರು ದಿನವಾಯಿತು, ಕಾಫಿ ಲೋಟ ಹಿಡಿದರೆ ಕೈ ಇನ್ನೂ ನಡುಗುತ್ತಿದೆ. ವಯಸ್ಸಿನದಲ್ಲ, ಸ್ಟೀರಿಂಗಿನದು. ಭಾನುವಾರ ಮಧ್ಯಾಹ್ನವಿಡೀ ಅದು ನಡುಗಿತು, ನಾನು ಹಿಡಿದುಕೊಂಡಿದ್ದೆ.

ನನ್ನ ಹತ್ತಿರ ಒಂದು ಹಳೇ ಎಸ್ಟೀಮ್ ಕಾರು ಇದೆ. ಆರ್‌ಸಿ ಅವಧಿ ಮುಗಿದಿದೆ. ಎ.ಸಿ. ಇಲ್ಲ, ಹಿಂದಿನ ಸೀಟಿಲ್ಲ, ಪಕ್ಕದ ಸೀಟೂ ಇಲ್ಲ. ತೂಕ ಇಳಿಸಲು ಎಲ್ಲಾ ಕಿತ್ತು ಹಾಕಿದ್ದೇನೆ. ರಸ್ತೆಗೆ ಇಳಿಯುವ ಹಾಗಿಲ್ಲ. ವರ್ಷಕ್ಕೆ ಮೂರು ಸಲ ಮದುವಣಗಿತ್ತಿಯ ಹಾಗೆ ಲಾರಿ ಮೇಲೆ ಕೂತು ತಮಿಳುನಾಡಿಗೆ ಹೋಗಿ, ರೇಸ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಸುತ್ತಿ, ಮತ್ತೆ ಲಾರಿ ಹತ್ತಿ ತವರಿಗೆ ಬರುತ್ತದೆ. 'ಕೊತ್ತಂಬರಿ ಸೊಪ್ಪು ತರೋಕೂ ಆಗದ ಕಾರು' ಎಂಬುದು ಮನೆಯಾಕೆ ಅದಕ್ಕಿಟ್ಟ ಹೆಸರು.

ಈ ಸಲ ಅದಕ್ಕೆ ಹೊಸ ಬ್ರೇಕ್ ಪ್ಯಾಡ್ ಹಾಕಿಸಿದೆ. ಹಾಕಿಸಿದ ತಕ್ಷಣ ಬ್ರೇಕು ಹಿಡಿಯುತ್ತದೆ ಅಂದುಕೊಂಡರೆ ಕೆಟ್ಟಿರಿ. ಪ್ಯಾಡ್ ಸೆಟ್ ಆಗಬೇಕು. ಹೊಸ ದೋಸೆ ಕಾವಲಿಯನ್ನು ಎಣ್ಣೆ ಸವರಿ, ಈರುಳ್ಳಿ ಉಜ್ಜಿ ಪಳಗಿಸುತ್ತೀರಲ್ಲ, ಅದೇ ಕೆಲಸ. ಚಕ್ರದ ಜೊತೆ ತಿರುಗುವ ತಟ್ಟೆಯೇ ಡಿಸ್ಕು, ಅದನ್ನು ಅದುಮಿ ಹಿಡಿಯುವುದೇ ಪ್ಯಾಡು. ಆ ಡಿಸ್ಕೂ ಎರಕದ ಕಬ್ಬಿಣವೇ. ಮೊದಲು ಅರವತ್ತರ ವೇಗದಲ್ಲಿ ಮೆತ್ತಗೆ ನಾಲ್ಕು ಸಲ, ಆಮೇಲೆ ನೂರಕ್ಕೆ ಹೋಗಿ ಮೂವತ್ತಕ್ಕೆ ಇಳಿಸುವುದು ಎಂಟು ಹತ್ತು ಸಲ. ಪ್ಯಾಡಿನೊಳಗಿನ ಅಂಟು ಕಾದು ಗ್ಯಾಸ್ ಬಿಡುತ್ತದೆ, ಪ್ಯಾಡಿನ ಪುಡಿ ತೆಳ್ಳಗೆ ಡಿಸ್ಕಿನ ತುಂಬ ಹರಡಿಕೊಳ್ಳುತ್ತದೆ. ನಿಯಮ ಒಂದೇ: ಕಾದಿರುವಾಗ ಪೂರ್ತಿ ನಿಂತು ಬ್ರೇಕ್ ಒತ್ತಿ ಹಿಡಿಯಬಾರದು. ಹಿಡಿದರೆ, ಕಾವಲಿ ಮೇಲೆ ದೋಸೆ ಹುಯ್ದು ಫೋನಿನಲ್ಲಿ ಮಾತಿಗೆ ನಿಂತ ಹಾಗೆ. ಅಂಟಿದ್ದು ಅಲ್ಲೇ ಅಂಟಿತು.

"ಬ್ರೇಕ್ ಒತ್ತೋಕೆ ತಮಿಳುನಾಡಿಗೆ ಹೋಗ್ಬೇಕಾ? ಸಿಲ್ಕ್ ಬೋರ್ಡಿಗೆ ಹೋಗಿ ಬನ್ನಿ, ಒಂದೇ ಸಂಜೆಗೆ ಸಾವಿರ ಸಲ ಒತ್ತಬಹುದು" ಎಂದಳು ಆಕೆ. ನ್ಯಾಯವಾದ ಮಾತು. ಆದರೆ ಸಿಲ್ಕ್ ಬೋರ್ಡಿನಲ್ಲಿ ನೂರು ಕಾಣುವುದು ಪೆಟ್ರೋಲ್ ಬಂಕಿನ ಬೋರ್ಡಿನಲ್ಲಿ ಮಾತ್ರ.

ಇನ್ನು ಭಾವಮೈದನ ವಿಷಯ. ಸಹಾಯಕ್ಕಿರಲಿ ಅಂತ ಜೊತೆಗೆ ಕರೆದುಕೊಂಡು ಹೋದೆ. ಅವನಿಗೆ ಡ್ರೈವಿಂಗ್ ಬಾರದು, ಲೈಸೆನ್ಸೂ ಇಲ್ಲ, ಬ್ರೇಕ್ ಮಾತ್ರ ಗೊತ್ತು. ಪಕ್ಕದ ಸೀಟಿನಲ್ಲಿ ಕೂತರೆ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತದೆ. ಮುಂದೆ ಲಾರಿ ಕಂಡರೆ ಒತ್ತು, ಹಂಪ್ ಕಂಡರೆ ಒತ್ತು, ಅರ್ಧ ಕಿಲೋಮೀಟರ್ ದೂರದಲ್ಲಿ ಎಮ್ಮೆ ಎದ್ದು ನಿಂತರೂ ಒತ್ತು. ಒತ್ತುವಾಗ ಹಲ್ಲಿನ ಸಂದಿಯಿಂದ 'ಸ್‌ಸ್' ಅಂತ ಉಸಿರೆಳೆಯುತ್ತಾನೆ, ಏರ್ ಬ್ರೇಕಿನ ಹಾಗೆ. ಬೈಕಿನ ಹಿಂದೆ ಕೂತರೆ ಫುಟ್‌ರೆಸ್ಟ್ ಒತ್ತುತ್ತಾನೆ. ಟಿವಿಯಲ್ಲಿ ರೇಸ್ ಬಂದರೆ ನಮ್ಮ ಟೀಪಾಯಿ ಒಂದಡಿ ಮುಂದಕ್ಕೆ ಹೋಗಿರುತ್ತದೆ. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿದ್ದಾಗ ಡ್ರಿಲ್ ಹತ್ತಿರ ಬಂದದ್ದೇ ಕಾಲು ಒತ್ತಿದ್ದಾನೆ. ಬಾಯಿ ತೊಳೆಯುವ ನೀರಿನ ಲೋಟ ಹಾರಿತಂತೆ.

ಟ್ರ್ಯಾಕು ಯಾವುದೆಂದು ಹೇಳುವುದಿಲ್ಲ. ನಮ್ಮ ಕಡೆಯವರು ಹೋಗುವುದು ಶ್ರೀಪೆರಂಬುದೂರಿನ ಹತ್ತಿರದ್ದಕ್ಕೆ, ಇಲ್ಲವೇ ಕೊಯಮತ್ತೂರಿನದ್ದಕ್ಕೆ. ಎರಡರಲ್ಲಿ ಒಂದು ಅಂದುಕೊಳ್ಳಿ. ಮುಂದಿನ ಸಲವೂ ಒಳಗೆ ಬಿಡಬೇಕಲ್ಲ.

ಮೊದಲ ಇಪ್ಪತ್ತು ನಿಮಿಷ ಪೂರ್ತಿ ಈ ಪಳಗಿಸುವ ಕೆಲಸಕ್ಕೇ ಹೋಯಿತು. ಎಲ್ಲರೂ ಆಕ್ಸಿಲರೇಟರ್ ತುಳಿಯುವ ನೇರ ದಾರಿಯಲ್ಲಿ ನಾನು ಎಡಕ್ಕೆ ಸರಿದು ಬ್ರೇಕ್ ತುಳಿಯುತ್ತಿದ್ದೆ. ಹಿಂದಿನಿಂದ ಬಂದವರು ಲೈಟ್ ಹೊಡೆದು ಮುಂದೆ ಹೋಗುವಾಗ ಹೆಲ್ಮೆಟ್ಟಿನೊಳಗೆ ಏನೋ ಅನ್ನುತ್ತಿದ್ದರು. ಕೇಳಿಸಲಿಲ್ಲ, ಒಳ್ಳೆಯದೇ ಆಯಿತು. ಬ್ರೇಕು ಕಾದು ವಾಸನೆ ಬಂತು. ಕೊನೆಗೆ ಎರಡು ಸುತ್ತು ಬ್ರೇಕ್ ಮುಟ್ಟದೆ ತಣ್ಣಗೆ ಓಡಿಸಿ ಹೊರಗೆ ಬಂದರೆ, ಗೇಟಿನಲ್ಲಿ ಮಾರ್ಷಲ್ ಕೈ ಅಡ್ಡ ಹಿಡಿದರು.

"ನಿಲ್ಲುಂಗ ಸಾರ್!"

ನಾನು ನಿಲ್ಲಲಿಲ್ಲ. ಮೊದಲ ಗೇರಿನಲ್ಲಿ ಆಮೆಯ ಹಾಗೆ ತೆವಳಿಸಿದೆ. ಅವರು ಕಿಟಕಿ ಹಿಡಿದುಕೊಂಡು ಪಕ್ಕದಲ್ಲೇ ನಡೆದರು.

"ಬ್ರೇಕ್ ಇಲ್ಲಯಾ?"

"ಇರ್ಕು ಸಾರ್, ಪುದುಸು! ಅದಕ್ಕೇ ಒತ್ತುತ್ತಿಲ್ಲ!"

ಬ್ರೇಕ್ ಹಾಳಾದವರು ನಿಲ್ಲಿಸದೆ ಬಂದದ್ದನ್ನು ಅವರು ನೋಡಿರಬೇಕು. ಹೊಸ ಬ್ರೇಕ್ ಹಾಕಿಸಿಕೊಂಡವನು ನಿಲ್ಲಿಸದ್ದು ಇದೇ ಮೊದಲು. ಇಪ್ಪತ್ತು ಹೆಜ್ಜೆ ನಡೆದು, ನನ್ನ ಮುಖ ನೋಡಿ, ಕಿಟಕಿ ಬಿಟ್ಟುಬಿಟ್ಟರು.

ಪ್ಯಾಡಕ್ಕಿನಲ್ಲಿ, ಅಂದರೆ ಟ್ರ್ಯಾಕಿನ ಹೊರಗೆ ಕಾರು ನಿಲ್ಲಿಸುವ ಅಂಗಳದಲ್ಲಿ, ಗೇರಿನಲ್ಲೇ ನಿಲ್ಲಿಸಿ, ಚಕ್ರಕ್ಕೆ ಇಟ್ಟಿಗೆ ಕೊಟ್ಟು, ಭಾವಮೈದನಿಗೆ ಮೂರು ಸಲ ಹೇಳಿದೆ: "ಬ್ರೇಕ್ ಮುಟ್ಟಬೇಡ." ಮೂರು ಸಲವೂ "ನಾನ್ಯಾಕೆ ಮುಟ್ಲಿ ಭಾವ" ಎಂದ. ಮುಖ ತೊಳೆದು, ಟೀ ಕುಡಿದು ಬಂದೆ. ಸಾಹೇಬರು ನನ್ನ ಹೆಲ್ಮೆಟ್ ಹಾಕಿಕೊಂಡು ಸ್ಟೀರಿಂಗ್ ಹಿಂದೆ ಕೂತು ಸೆಲ್ಫಿ ತೆಗೆಯುತ್ತಿದ್ದರು. ಪಕ್ಕದ ಸೀಟು ಇದ್ದಿದ್ದರೆ ಅಲ್ಲೇ ಕೂರುತ್ತಿದ್ದ, ಅವನ ಮಾಮೂಲಿ ಬ್ರೇಕ್ ಒತ್ತುತ್ತಿದ್ದ, ಯಾರಿಗೂ ನಷ್ಟವಿರಲಿಲ್ಲ. ಆ ಸೀಟು ಕಿತ್ತವನು ನಾನೇ. ಬಗ್ಗಿ ಕೆಳಗೆ ನೋಡಿದೆ. ಜೀವಮಾನದಲ್ಲಿ ಮೊದಲ ಬಾರಿಗೆ ಅವನ ಬಲಗಾಲಿನ ಕೆಳಗೆ ನಿಜವಾದ ಬ್ರೇಕು ಇತ್ತು. ಬೆರಳ ತುದಿವರೆಗೂ ಒತ್ತಿ ಹಿಡಿದಿದ್ದ.

"ಎಷ್ಟು ಹೊತ್ತಾಯ್ತೋ?"

"ಹದಿನಾಲ್ಕು ಫೋಟೋ ಆಯ್ತು ಭಾವ."

ಆಮೇಲಿನ ಮೂರು ಸರದಿಯಲ್ಲೂ, ತೊಂಬತ್ತರ ಮೇಲೆ ಬ್ರೇಕ್ ಮುಟ್ಟಿದರೆ ಸಾಕು, ಸ್ಟೀರಿಂಗಿಗೆ ಮೈಮೇಲೆ ದೇವರು ಬರುತ್ತಿತ್ತು. ನೋಡಿದವರೆಲ್ಲ ಡಿಸ್ಕ್ ಬೆಂಡಾಗಿದೆ ಎಂದರು. ಬೆಂಡೂ ಇಲ್ಲ ಮಣ್ಣೂ ಇಲ್ಲ, ಪ್ಯಾಡಿನ ಗಾತ್ರದ ಒಂದು ಕಪ್ಪು ಮಚ್ಚೆ ಅಷ್ಟೇ. ಉಜ್ಜಿ ತೆಗೆಸಿ, ಮತ್ತೆ ಲಾರಿ ಹತ್ತಿಸಿ, ಮೊದಲಿಂದ ಪಳಗಿಸಬೇಕು.

ಬೈಯಲು ಬಾಯಿ ತೆರೆದವನು ಆ ಕಾದ ವಾಸನೆಗೆ ಸುಮ್ಮನಾದೆ. ಚಾರ್ಮಾಡಿ ಇಳಿಯುವಾಗ ಅಪ್ಪನ ಫಿಯಟ್ಟಿನಲ್ಲಿ ಇದೇ ವಾಸನೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಅಪ್ಪ ಎರಡನೇ ಗೇರಿನಲ್ಲೇ ಇಳಿಸುತ್ತಿದ್ದರು, ಅಮ್ಮ ಪಕ್ಕದಲ್ಲಿ ಕೂತು ತಿರುವು ತಿರುವಿಗೂ ರಬ್ಬರ್ ಮ್ಯಾಟನ್ನು ಒತ್ತುತ್ತಿದ್ದಳು. ವರ್ಷಗಳ ಮೇಲೆ ಅಲ್ಲೊಂದು ತೂತೇ ಬಿತ್ತು. ಕಾರು ಕೊಳ್ಳಲು ಬಂದವನು ಇಲಿ ಕಡಿದಿದೆಯಾ ಎಂದು ಕೇಳಿದ. "ಅದು ಎಕ್ಸ್‌ಟ್ರಾ ಬ್ರೇಕು, ಅದಕ್ಕೆ ದುಡ್ಡು ಬೇಡ" ಎಂದಿದ್ದರು ಅಪ್ಪ.

ರಾತ್ರಿ ಎಸ್ಟೀಮನ್ನು ಲಾರಿ ಹತ್ತಿಸಿ ಮನೆಯ ಕಾರಿನಲ್ಲಿ ವಾಪಸ್ ಬರುವಾಗ ದಾರಿಯುದ್ದಕ್ಕೂ ಭಾವಮೈದನ ಜೊತೆ ಮಾತಾಡಲಿಲ್ಲ. ಅತ್ತಿಬೆಲೆ ಹತ್ತಿರ ಇದ್ದಕ್ಕಿದ್ದ ಹಾಗೆ ಒಂದು ಲಾರಿ ಅಡ್ಡ ಬಂತು. ಇಬ್ಬರೂ ಒಟ್ಟಿಗೇ ಒತ್ತಿದೆವು. ಕಾರು ಒಂದು ಗೇಣು ಉಳಿಸಿಕೊಂಡು ನಿಂತಿತು.

ಅವನು ಹಣೆ ಒರೆಸಿಕೊಂಡು ನನ್ನ ಕಡೆ ತಿರುಗಿದ. "ಸ್ವಲ್ಪದರಲ್ಲಿ ಹಿಡಿದೆ ನೋಡಿ ಭಾವ."