ಟಕ್ ಅಲ್ಲ, ಚರ್ರ್

ಟಕ್ ಅನ್ನಬೇಕು. ಬೇಸಿಗೆಯಲ್ಲಿ ಗಾಲಿಯ ಸ್ಕೀ ತೊಟ್ಟು ರಸ್ತೆಗಿಳಿದವನ ಕೋಲಿನ ತುದಿ ಡಾಂಬರಿಗೆ ತಾಗಿದಾಗ ಬರಬೇಕಾದ ಸದ್ದು ಅದೊಂದೇ. ಚರ್ರ್ ಅಂತ ಕೇಳಿಸಿತೋ, ಅವತ್ತಿನ ಕಥೆ ಮುಗಿಯಿತು. ತುದಿ ಮೊಂಡಾಗಿದೆ, ಮನೆ ಇನ್ನೂ ಹದಿನೆಂಟು ಕಿಲೋಮೀಟರ್ ಇದೆ, ಸಾಣೆ ಹಿಡಿಯುವ ಅರವೋ ಮನೆಯಲ್ಲಿದೆ. ಇಲ್ಲ, ಮನೆಯಲ್ಲೂ ಇಲ್ಲ. ಅದನ್ನು ಒಯ್ದ ಪುಣ್ಯಾತ್ಮನ ವಿಷಯಕ್ಕೆ ಆಮೇಲೆ ಬರೋಣ.

ಹಿಮದ ಮೇಲೆ ಕೋಲೂರಿ ಬಹುದೂರ ಜಾರುವ ನಾರ್ವೆಯ ಕ್ರಾಸ್ ಕಂಟ್ರಿ ಸ್ಕೀ ಸ್ಪರ್ಧಿಗಳಿಗೆ ಯುಗಾದಿ ಮೇ 1ಕ್ಕೆ. ತರಬೇತಿಯ ಡೈರಿಯಲ್ಲಿ ಹೊಸ ಪುಟ ತೆರೆಯುವ ದಿನ ಅದು. ಬೆಲ್ಲ ಇಲ್ಲ, ಬೇವು ಮಾತ್ರ. ಮೇಲ್ಮಟ್ಟದವರು ವರ್ಷಕ್ಕೆ 800ರಿಂದ 1000 ಗಂಟೆ ಬೆವರು ಸುರಿಸುತ್ತಾರೆ, ಅದರಲ್ಲಿ ದೊಡ್ಡ ಪಾಲು ಹಿಮದ ಸುಳಿವೇ ಇಲ್ಲದ ತಿಂಗಳುಗಳಲ್ಲಿ. ಅದಕ್ಕೇ ರೋಲರ್ ಸ್ಕೀ: ಅಲ್ಯೂಮಿನಿಯಂ ಅಥವಾ ಕಾರ್ಬನ್ನಿನ ಒಂದು ಪಟ್ಟಿ, ಮುಂದೊಂದು ಹಿಂದೊಂದು ಗಾಲಿ, ನಡುವೆ ಬೂಟಿನ ಮುಂತುದಿ ಸಿಕ್ಕಿಸುವ ಕೊಂಡಿ. ಬ್ರೇಕು? ಹೆಚ್ಚಿನ ಮಾದರಿಗಳಲ್ಲಿ ಇಲ್ಲವೇ ಇಲ್ಲ. ಇಳಿಜಾರಿನಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗ ಹತ್ತಿದ ಮೇಲೆ ಒಂದೋ ಪಕ್ಕದ ಹುಲ್ಲಿಗೆ ನೆಗೆದು ನಾಲ್ಕು ಹೆಜ್ಜೆ ಓಡಬೇಕು, ಇಲ್ಲವೇ ಮುಂದೆ ಏರು ಸಿಗಲಿ ಎಂದು ಹರಕೆ ಹೊರಬೇಕು. ಬುದ್ಧಿ ಇದ್ದವರು ಇಳಿಜಾರಿನ ತಲೆಯಲ್ಲೇ ಸ್ಕೀ ಕಳಚಿ ಕಂಕುಳಲ್ಲಿ ಇಟ್ಟುಕೊಂಡು ನಡೆದುಬಿಡುತ್ತಾರೆ. ಮರ್ಯಾದೆ ಹೋದರೂ ಮಂಡಿಚಿಪ್ಪು ಉಳಿಯುತ್ತದೆ.

ಇದನ್ನೆಲ್ಲ ಸಹಿಸಬಹುದು. ಸಹಿಸಲು ಆಗದ್ದು ಆ ತುದಿ.

ಚಳಿಗಾಲದಲ್ಲಿ ಕೋಲು ಹಿಮದೊಳಗೆ ಹೂತುಹೋಗದಿರಲಿ ಎಂದು ಕೆಳಗೊಂದು ಪುಟ್ಟ ಪ್ಲಾಸ್ಟಿಕ್ ಬುಟ್ಟಿ ಇರುತ್ತದೆ. ಬೇಸಿಗೆಗೆ ಅದನ್ನು ಕಿತ್ತು ರಸ್ತೆಯ ತುದಿ ಕೂರಿಸಬೇಕು. ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ಹಿಡಿದರೆ ಒಳಗಿನ ಅಂಟು ಮೆತ್ತಗಾಗುತ್ತದೆ. ಇಕ್ಕಳದಲ್ಲಿ ಹಿಡಿದು ತಿರುಚುತ್ತ ಎಳೆದರೆ ಬರುತ್ತದೆ. ಹೊಸ ತುದಿಗೆ ಅಂಟಿನ ಕಡ್ಡಿ ಕರಗಿಸಿ ಒಂದಿಷ್ಟು ಸವರಿ, ನೆಟ್ಟಗೆ ಕೂತಿದೆಯೇ ನೋಡಿ, ತಣ್ಣೀರಿಗೆ ಹಿಡಿದರಾಯಿತು. ನೀರು ಕುದಿಯುವಷ್ಟೂ ತಾಳ್ಮೆ ಇಲ್ಲದವರು ನೇರ ಲೈಟರ್ ಹಚ್ಚುತ್ತಾರೆ. ಆಗ ಅಂಟಿನ ಜೊತೆಗೆ ಕಾರ್ಬನ್ ಎಳೆಗಳನ್ನು ಹಿಡಿದಿಟ್ಟ ರಾಳವೂ ಸುಡುತ್ತದೆ. ಮುಂದೊಂದು ದಿನ ಏರಿನ ನಟ್ಟನಡುವೆ ಕೋಲು ಕಬ್ಬಿನ ಜಲ್ಲೆಯ ಹಾಗೆ ಲಟಕ್ಕನೆ ಮುರಿಯುತ್ತದೆ.

ತುದಿಯಲ್ಲಿ ಇರುವುದು ಗೋಧಿ ಕಾಳಿನಷ್ಟು ಟಂಗ್‌ಸ್ಟನ್ ಕಾರ್ಬೈಡ್. ಉಕ್ಕಿಗಿಂತ ಗಟ್ಟಿ ನಿಜ, ಆದರೆ ಡಾಂಬರಿನೊಳಗಿನ ಜಲ್ಲಿ ಅದಕ್ಕೆ ಕ್ಯಾರೇ ಅನ್ನುವುದಿಲ್ಲ. ನಿಮಿಷಕ್ಕೆ 45 ಸಲ ಊರಿದರೂ ಎರಡು ಗಂಟೆಗೆ 5400 ಏಟು. ಕೆಲವೇ ತಾಲೀಮಿಗೆ ಅಂಚು ಗುಂಡಗಾಗುತ್ತದೆ, ಸಾಣೆ ಹಿಡಿಯಬೇಕು. ಬಡಗಿಯ ಉಕ್ಕಿನ ಅರ ತಂದು ತಿಕ್ಕಿದರೆ ಸವೆಯುವುದು ಅರವೇ ಹೊರತು ತುದಿಯಲ್ಲ. ವಜ್ರದ ಪುಡಿ ಕೂರಿಸಿದ ಅರವೇ ಆಗಬೇಕು. ಕೋಲನ್ನು ತೊಡೆಗಳ ನಡುವೆ ಬಿಗಿಹಿಡಿದು, ತುದಿಗೆ ಮೊದಲು ಯಾವ ಓರೆ ಇತ್ತೋ ಅದೇ ಓರೆಗೆ ಅರವನ್ನು ಸಪಾಟಾಗಿ ಇಟ್ಟು, ಒಂದೇ ದಿಕ್ಕಿಗೆ ಹದಿನೈದು ಇಪ್ಪತ್ತು ಸಲ ಎಳೆಯಿರಿ. ಎರಡು ಹನಿ ನೀರು ಬಿಟ್ಟರೆ ಅರದಲ್ಲಿ ಪುಡಿ ಕಟ್ಟುವುದಿಲ್ಲ. ಆಮೇಲೆ ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಊರಿ ನೋಡಿ: ಕಚ್ಚಿ ನಿಂತರೆ ಹರಿತ, ಜಾರಿದರೆ ಇನ್ನೈದು ಸಲ. ಗ್ರೈಂಡರಿಗೆ ಹಿಡಿಯುವ ಶೂರರೂ ಇದ್ದಾರೆ. ಆ ಬಿಸಿಗೆ ಅಂಟು ಕರಗಿ ತುದಿಯೇ ವಾಲಿಕೊಂಡಾಗ ಶೌರ್ಯ ಇಳಿಯುತ್ತದೆ.

ಎರಡೂ ಕೋಲಿಗೆ ಸೇರಿ ಐದು ನಿಮಿಷದ ಕೆಲಸ. ಈ ಐದು ನಿಮಿಷ ಸಿಗದವನೊಬ್ಬ ಪ್ರತಿ ತರಬೇತಿ ಗುಂಪಿನಲ್ಲೂ ಇರುತ್ತಾನೆ. ಅವನ ಕೈಯಲ್ಲಿ ಎದೆಬಡಿತ, ಏರಿದ ಎತ್ತರ, ರಾತ್ರಿ ನಿದ್ದೆ ಎಲ್ಲವನ್ನೂ ಅಳೆಯುವ ಗಡಿಯಾರ ಇದೆ. ತಂಪು ಕನ್ನಡಕಕ್ಕೆ ಸುರಿದ ದುಡ್ಡಿನಲ್ಲಿ ಒಂದು ಡಜನ್ ಅರ ಬರುತ್ತಿತ್ತು. ಅರ ಮಾತ್ರ ಇಲ್ಲ. ಎಲ್ಲರೂ ಹೆಲ್ಮೆಟ್ ಬಿಗಿದು, ಕೈಗೆ ಕೋಲಿನ ಪಟ್ಟಿ ಸುತ್ತಿಕೊಂಡು, ಇನ್ನೇನು ಹೊರಡಬೇಕು, ಆಗ ಅವನ ಬಾಯಿ ತೆರೆಯುತ್ತದೆ: “ಒಂದ್ನಿಮಿಷ, ಅರ ಇದೆಯಾ?” ಪಟ್ಟಿ ಬಿಚ್ಚಿ, ಸೊಂಟದ ಚೀಲ ತಡಕಿ ಕೊಟ್ಟರೆ, ಎಡಗೋಲಿಗೆ ಮೂರು ಸಲ ಗೀಚಿ, “ಇಷ್ಟು ಸಾಕು ಬಿಡು” ಎಂದು ಅರವನ್ನು ತನ್ನ ಹಿಂಜೇಬಿಗೆ ಇಳಿಬಿಡುತ್ತಾನೆ. ಅದು ಮರಳಿ ಬರುವುದು ಎರಡು ವಾರಕ್ಕೆ, ಅದೂ ಯಾವ ಸ್ಥಿತಿಯಲ್ಲಿ! ಅಡುಗೆಮನೆಯ ಚಾಕುವಿಗೆ ತಿಕ್ಕಿದ ಗುರುತು ಒಂದು ಕಡೆ. ಇನ್ನೊಂದು ಕಡೆ ಅಂಟಿದ ಬಿಳಿ ಪುಡಿ ಕಾಲಿನ ಆಣಿಯದ್ದೇ ಎಂಬ ಅನುಮಾನ. ಕೇಳುವ ಧೈರ್ಯ ಯಾರಿಗೂ ಇಲ್ಲ.

ಇನ್ನು ರಸ್ತೆಯಲ್ಲಿ ಅವನನ್ನು ನೋಡಬೇಕು. ಎರಡೂ ಕೋಲು ಒಟ್ಟಿಗೆ ಊರಿ, ಹೊಟ್ಟೆ ಬಿಗಿದು, ಮೈಭಾರವನ್ನೆಲ್ಲ ಮುಂದಕ್ಕೆ ಚೆಲ್ಲಿ ತಳ್ಳುವ ವರಸೆ ಅದು. ತುದಿ ಕಚ್ಚಿದರೆ ದೇಹ ಮುಂದೆ ಚಿಮ್ಮುತ್ತದೆ. ಕಚ್ಚದಿದ್ದರೆ ಕೋಲು ಹಿಂದಕ್ಕೆ ಹಾರಿ, ಭಾರಕ್ಕೆ ಆಸರೆ ತಪ್ಪಿ, ಮೂಗು ಮಂಡಿಯ ಹತ್ತಿರ ಬರುತ್ತದೆ. ಇವನದೋ ಎಡಗೋಲು ಅರ್ಧ ಹರಿತ, ಬಲಗೋಲು ಪೂರ್ತಿ ಮೊಂಡು. ಎಡ ಟಕ್, ಬಲ ಚರ್ರ್. ಎಡದ ತಳ್ಳಿಗೆ ಬಲಕ್ಕೆ ತಿರುಗುತ್ತಾನೆ. ಬಲಕ್ಕೆ ಇರುವುದು ಚರಂಡಿ. ಸಾವರಿಸಿಕೊಂಡು ಮತ್ತೆ ಟಕ್, ಚರ್ರ್, ಒಂದು ನಮಸ್ಕಾರ. ನಾರ್ವೆಯ ಬೆಟ್ಟದ ರಸ್ತೆಗಳಲ್ಲಿ ಕುರಿಗಳು ಬಿಸಿಲಿಗೆ ಕಾದ ಡಾಂಬರಿನ ಮೇಲೆ ಆರಾಮಾಗಿ ಮಲಗಿರುತ್ತವೆ, ಯಾರು ಬಂದರೂ ಏಳುವುದಿಲ್ಲ. ಅಂಥ ಒಂದು ಕುರಿಯ ಎದುರು ಹೆಲ್ಮೆಟ್ ತೊಟ್ಟ ಆರಡಿ ಆಳು ಐದು ಸೆಕೆಂಡಿಗೆ ನಾಲ್ಕು ಸಲ ಸೊಂಟ ಮುರಿದು ವಂದಿಸುತ್ತ ಬರುವುದನ್ನು ಊಹಿಸಿಕೊಳ್ಳಿ. ಕುರಿ ಮೆಲುಕು ಹಾಕುತ್ತ ವಂದನೆ ಸ್ವೀಕರಿಸುತ್ತದೆ. ಕೊನೆಗೆ ಅವನು ನಿಂತು ಕೋಲಿನ ತುದಿ ನೋಡಿಕೊಂಡು ಕೊಡುವ ತೀರ್ಪು: “ಈ ಊರಿನ ಡಾಂಬರೇ ಸರಿ ಇಲ್ಲ.”

ಡಾಂಬರೂ ಸಾಚಾ ಏನಲ್ಲ ಎಂದು ಒಪ್ಪಿಕೊಳ್ಳೋಣ. ಬಿಸಿಲು ಜೋರಾದ ದಿನ ಟಾರು ಮೆತ್ತಗಾಗಿ, ಹರಿತ ತುದಿ ಊರಿದ ಜಾಗದಲ್ಲೇ ಸಿಕ್ಕಿಕೊಳ್ಳುತ್ತದೆ; ಸ್ಕೀ ಮುಂದೆ, ತೋಳು ಹಿಂದೆ. ಮಳೆ ಬಂದರೆ ಬಿಳಿ ಬಣ್ಣದ ಗೆರೆಗಳು ಸಾಬೂನು. ದನಕರು ದಾಟದಿರಲೆಂದು ರಸ್ತೆಗೆ ಅಡ್ಡ ಹಾಸಿದ ಕಬ್ಬಿಣದ ಸರಳುಗಳ ಮೇಲಂತೂ ಹೋಗುವ ಮಾತೇ ಇಲ್ಲ, ಕಳಚಿ ನಡೆಯಬೇಕು.

ಗಾಲಿಯ ಬಗ್ಗೆ ಒಂದೇ ಮಾತು. ಕಾಲಿನಿಂದ ಹಿಂದಕ್ಕೆ ಒದ್ದು ನೇರ ಮುಂದೆ ಸಾಗುವ ಕ್ಲಾಸಿಕ್ ಶೈಲಿಯ ರೋಲರ್ ಸ್ಕೀಯಲ್ಲಿ ಒಂದು ಗಾಲಿ ಮುಂದಕ್ಕಷ್ಟೇ ಉರುಳುತ್ತದೆ. ಇಲ್ಲದಿದ್ದರೆ ಒದ್ದಾಗ ಸ್ಕೀ ಹಿಂದಕ್ಕೆ ಓಡೀತು. ಆ ಗಾಲಿಯನ್ನು ಬಿಚ್ಚಿ ತೊಳೆದು ತಿರುಗಾಮುರುಗಾ ಹಾಕಿದರೆ ಸ್ಕೀ ಹಿಂದಕ್ಕೆ ಮಾತ್ರ ಹೋಗುತ್ತದೆ. ಗೇಟಿನಲ್ಲಿ ನಿಂತು ಮೊದಲ ಸಲ ತಳ್ಳಿದಾಗ ಸ್ಕೀ ಅಲ್ಲೇ ಇದ್ದು ಸವಾರ ಮಾತ್ರ ಹೊರಡುತ್ತಾನೆ. ಬಿಚ್ಚುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ.

ಬೇಸಿಗೆ ಎಂಥೆಂಥವರನ್ನು ಕೆಡವಿದೆ! 2016ರಲ್ಲಿ ಇಟಲಿಯ ಲಿವಿನ್ಯೋದಲ್ಲಿ ಎತ್ತರದ ತರಬೇತಿಗೆ ಹೋದ ನಾರ್ವೆಯ ಸ್ಕೀ ತಾರೆ ತೆರೇಸೆ ಯೋಹೌಗ್‌ಗೆ ಬಿಸಿಲಿಗೆ ತುಟಿ ಸುಟ್ಟಿತು. ತಂಡದ ವೈದ್ಯರು ಕೊಟ್ಟ ಮುಲಾಮಿನಲ್ಲಿ ಕ್ಲೋಸ್ಟೆಬೋಲ್ ಎಂಬ ನಿಷೇಧಿತ ಸ್ಟೀರಾಯ್ಡ್ ಇತ್ತು. ಡಬ್ಬಿಯ ಮೇಲೆ ಎಚ್ಚರಿಕೆಯೂ ಇತ್ತು. 18 ತಿಂಗಳ ನಿಷೇಧ, 2018ರ ಒಲಿಂಪಿಕ್ಸ್ ಕೈತಪ್ಪಿತು. ನಮ್ಮವನ ಮೊಂಡು ತುದಿಯ ಗೋಳು ಇದರ ಮುಂದೆ ಏನೂ ಅಲ್ಲ.

ಹಿಮವೇ ಬೇಕು ಅನ್ನುವವರಿಗೆ ಫಿನ್ಲೆಂಡಿನ ವುಒಕಟ್ಟಿಯಲ್ಲಿ 1997ರಿಂದ ಸುರಂಗವೇ ಇದೆ, 1.2 ಕಿಲೋಮೀಟರ್ ಉದ್ದ. ಗಾಣದೆತ್ತಿನ ಹಾಗೆ ಹೋಗಿ ಬಂದು, ಹೋಗಿ ಬಂದು. ಸ್ವಿಟ್ಜರ್ಲೆಂಡಿನ ದಾವೋಸ್‌ನವರ ದಾರಿ ಹೆಚ್ಚು ಚೆನ್ನ: ಹೋದ ಚಳಿಗಾಲದ ಹಿಮವನ್ನು ಗುಡ್ಡೆ ಹಾಕಿ, ಮೇಲೆ ಸುಮಾರು 40 ಸೆಂಟಿಮೀಟರ್ ಮರದ ಹೊಟ್ಟು ಹೊದಿಸಿ, ಹುಲ್ಲಲ್ಲಿ ಮಾವಿನಕಾಯಿ ಹುದುಗಿಸಿದಂತೆ ಬೇಸಿಗೆಯಿಡೀ ಇಡುತ್ತಾರೆ. ಜುಲೈ ಬಿಸಿಲಿನಲ್ಲಿ ಆ ಹೊಟ್ಟಿನ ಗುಡ್ಡೆಯ ಪಕ್ಕ ನಿಂತರೆ ಒಂಥರಾ ಆಗುತ್ತದೆ. ಒಳಗೆ ಫೆಬ್ರುವರಿ ಮಲಗಿದೆ. ಗುಲ್ಮಾರ್ಗ್‌ನಲ್ಲಿ ಪದಕ ಗೆದ್ದ ಕೊಡಗಿನ ತೆಕ್ಕಡ ಭವಾನಿಯಂಥವರಿಗೆ ತವರಿನಲ್ಲಿ ಹೊದಿಸಿಡೋಣವೆಂದರೆ ಹಿಮವಾದರೂ ಎಲ್ಲಿದೆ, ಇರುವುದು ಮಳೆ.

ಅಕ್ಟೋಬರ್ ಕೊನೆಗೆ ಮತ್ತೆ ನೀರು ಕುದಿಸಬೇಕು, ರಸ್ತೆಯ ತುದಿ ಕಿತ್ತು ಬುಟ್ಟಿ ಕೂರಿಸಬೇಕು. ಹಿಮದಲ್ಲಿ ಸಾಣೆಯ ಗೋಜಿಲ್ಲ. ಇಕ್ಕಳ ಒರೆಸಿಟ್ಟು, ಮೊಂಡಾದ ತುದಿಗಳನ್ನು ಡಬ್ಬಿಗೆ ತುಂಬುವ ಹೊತ್ತಿಗೆ ಸರಿಯಾಗಿ ಅವನು ಬಾಗಿಲು ಬಡಿಯುತ್ತಾನೆ, ಕೈಯಲ್ಲಿ ಪೊಟ್ಟಣ ಒಡೆಯದ ಹೊಚ್ಚಹೊಸ ಅರ. “ಕೊನೆಗೂ ತಗೊಂಡೆ ಕಣೋ. ನಿನಗೆ ಬೇಕಾದಾಗ ಕೇಳು, ಸಂಕೋಚ ಬೇಡ.” ಅವನ ಟೋಪಿಯ ಮೇಲೆ ಆಗಲೇ ಬೆಳ್ಳಗೆ ಉದುರಿರುತ್ತದೆ.